ಅಪ್ಪನ ಪರ್ಸೆಂಟೇಜು

ಸೈನಿಕರಿದ್ದ ಮನೆಯಲ್ಲಿ ಕರಿಯ ಟ್ರಂಕೊಂದು ಇದ್ದೇ ಇರುತ್ತದೆ. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ನಂಬರು, ಹುದ್ದೆ, ಹೆಸರು, ರೆಜಿಮೆಂಟು. ಬಣ್ಣ ಮಾಸಿರುತ್ತದೆ, ಅಕ್ಷರ ಅಳಿಸಿರುವುದಿಲ್ಲ. ಸವದತ್ತಿ ತಾಲ್ಲೂಕಿನ ಆ ಹಳ್ಳಿಯ ಮನೆಯಲ್ಲೂ ಅಂಥದೊಂದು ಟ್ರಂಕು, ಜೋಳದ ಚೀಲಗಳ ಮಗ್ಗುಲಲ್ಲಿ, ಹಳೆಯ ಕೌದಿ ಹೊದ್ದುಕೊಂಡು ಹದಿನೇಳು ವರ್ಷದಿಂದ ಕೂತಿತ್ತು. ಮಕ್ಕಳು ಸಣ್ಣವರಿದ್ದಾಗ ಅದರ ಮೇಲೆ ಕೂತು ಬಸ್ಸಿನ ಆಟ ಆಡಿದ್ದರು. ಅದರೊಳಗೆ ಏನಿದೆ ಎಂದು ಯಾರೂ ಕೇಳಿರಲಿಲ್ಲ.

ಟ್ರಂಕಿನ ಯಜಮಾನರನ್ನು ಊರೆಲ್ಲ ಕರೆಯುವುದು ‘ಮಿಲ್ಟ್ರಿ ಕಾಕಾ’ ಎಂದು. 1985ರಲ್ಲಿ, ಹದಿನೆಂಟು ವರ್ಷದ ಹುಡುಗನಾಗಿ ಫಿರಂಗಿ ದಳಕ್ಕೆ ಸೇರಿದವರು, 2007ರಲ್ಲಿ ಹವಾಲ್ದಾರರಾಗಿ ನಿವೃತ್ತರಾಗಿ ಬಂದರು. ಆಮೇಲೆ ಕೆಲವು ವರ್ಷ ಧಾರವಾಡದ ಬ್ಯಾಂಕೊಂದರಲ್ಲಿ ಬಂದೂಕು ಹಿಡಿದು ಬಾಗಿಲು ಕಾದರು. ಆ ಕೆಲಸವನ್ನು ಅವಧಿಗೆ ಮುಂಚೆಯೇ ಬಿಟ್ಟು ಊರಿಗೆ ಬಂದಾಗ, ಹೊಲ ನೋಡುವವರು ಯಾರೂ ಇಲ್ಲ ಎಂಬ ಕಾರಣ ಹೇಳಿದ್ದರು. ನಿಜವಾದ ಕಾರಣ ಬೇರೆ ಇತ್ತು. ಮ್ಯಾನೇಜರು ಹಿಂದಿನಿಂದ ಮೂರು ಸಲ ಕೂಗಿದರೂ ಅವರಿಗೆ ಕೇಳಿರಲಿಲ್ಲ.

ಮನೆಯಲ್ಲಿ ಅದೊಂದು ನಗೆಯ ವಿಷಯವಾಗಿತ್ತು. ಹೆಂಡತಿ ಅಡುಗೆಮನೆಯಿಂದ, “ರೀ, ಚಹಾ ಇಡ್ಲ್ಯಾ?” ಎಂದು ಕೇಳಿದರೆ, “ಸಂತಿಗೆ ನಾಳೆ ಹೋಗ್ತೀನಿ” ಎಂಬ ಉತ್ತರ ಬರುತ್ತಿತ್ತು. ಅವರು ಟಿ.ವಿ. ಹಚ್ಚಿದರೆ ವಾರ್ತೆ ಓಣಿಗೆಲ್ಲ ಪುಕ್ಕಟೆ. ಮಕ್ಕಳು ನಕ್ಕರೆ ಅವರೂ ನಗುತ್ತಿದ್ದರು. ನೆಲದ ಮೇಲೆ ಕೂತು ಉಣ್ಣುವುದನ್ನು ಬಿಟ್ಟು ಬಹಳ ವರ್ಷವಾಗಿತ್ತು. ಕುರ್ಚಿಯಿಂದ ಏಳುವಾಗ ಒಂದು ಕೈ ಗೋಡೆಗೆ, ಇನ್ನೊಂದು ಸೊಂಟಕ್ಕೆ. ವಯಸ್ಸು ಎಂದು ಎಲ್ಲರೂ ತಿಳಿದರು. ಅವರಿಗೆ ಆಗ ನಲವತ್ತೈದೂ ಆಗಿರಲಿಲ್ಲ ಎಂಬ ಲೆಕ್ಕ ಯಾರೂ ಹಾಕಲಿಲ್ಲ.

ಲೆಕ್ಕ ಹಾಕಿದವಳು ಕಿರಿಯ ಮಗಳು, ಅದೂ ತನ್ನ ಕೆಲಸಕ್ಕೆ. 2024ರಲ್ಲಿ ಅವಳು ಪಿ.ಯು.ಸಿ. ಮುಗಿಸಿ ಹುಬ್ಬಳ್ಳಿಯಲ್ಲಿ ಬಿ.ಎಸ್ಸಿ. ನರ್ಸಿಂಗಿಗೆ ಸೇರಿದಳು. ಅಂಕಪಟ್ಟಿಯಲ್ಲಿ 86 ಪರ್ಸೆಂಟ್. ಮಾಜಿ ಸೈನಿಕರ ಮಕ್ಕಳಿಗೆ ಪ್ರಧಾನ ಮಂತ್ರಿ ವಿದ್ಯಾರ್ಥಿವೇತನ ಎಂಬುದೊಂದಿದೆ. 2006-07ರಲ್ಲಿ ಆರಂಭವಾದ ಯೋಜನೆ. ವೃತ್ತಿಶಿಕ್ಷಣಕ್ಕೆ ಸೇರಿದ, ಅರ್ಹತಾ ಪರೀಕ್ಷೆಯಲ್ಲಿ ಕನಿಷ್ಠ 60 ಪರ್ಸೆಂಟ್ ಪಡೆದ ಮಕ್ಕಳು ಅರ್ಜಿ ಹಾಕಬಹುದು. 2019ರಲ್ಲಿ ಮೊತ್ತವನ್ನು ಹೆಣ್ಣುಮಕ್ಕಳಿಗೆ ತಿಂಗಳಿಗೆ 3,000, ಗಂಡುಮಕ್ಕಳಿಗೆ 2,500 ರೂಪಾಯಿಗೆ ಏರಿಸಲಾಯಿತು. ವರ್ಷಕ್ಕೆ ಮೂವತ್ತಾರು ಸಾವಿರವೆಂದರೆ, ಮಳೆ ಕೈಕೊಟ್ಟ ವರ್ಷದಲ್ಲಿ ಆ ಮನೆಗೆ ಸಣ್ಣ ಮಾತಲ್ಲ.

ಅರ್ಜಿಯಲ್ಲಿ ತಂದೆಯ ವರ್ಗ ಯಾವುದೆಂದು ಕೇಳಿತ್ತು. ವರ್ಗಗಳು ಆರು. ಯುದ್ಧದಲ್ಲಿ ಮಡಿದವರ ಮಕ್ಕಳು ಮೊದಲು, ಯುದ್ಧದಲ್ಲಿ ಅಂಗವಿಕಲರಾದವರ ಮಕ್ಕಳು ಆಮೇಲೆ. ಸೈನ್ಯದ ಸೇವೆಯೇ ಕಾರಣವಾಗಿ ಅಂಗವೈಕಲ್ಯ ಬಂದವರ ಮಕ್ಕಳಿಗೆ ನಾಲ್ಕನೆಯ ಸ್ಥಾನ. ಇದಾವುದೂ ಅಲ್ಲದ ಉಳಿದ ಮಾಜಿ ಸೈನಿಕರಿಗೆ ಕೊನೆಯದು, ಆರನೆಯದು.

“ಯಪ್ಪಾ, ಎಷ್ಟನೇದು ಹಾಕ್ಲಿ?” ಎಂದು ಅವಳು ಕಿವಿಯ ಹತ್ತಿರ ಬಂದು ಕೇಳಿದಳು.

“ಆರು ಹಾಕು. ನನಗೇನು ಕೈ ಹೋಗ್ಯಾವೋ, ಕಾಲು ಹೋಗ್ಯಾವೋ?”

ಅರ್ಜಿಯ ಜೊತೆಗೆ ಡಿಸ್ಚಾರ್ಜ್ ಪುಸ್ತಕದ ನಕಲು ಬೇಕಾಗಿತ್ತು. ಅದು ಟ್ರಂಕಿನಲ್ಲಿತ್ತು. ಕೌದಿ ಸರಿಸಿ, ಜಂಗು ಹಿಡಿದ ಚಿಲಕವನ್ನು ಒನಕೆಯಿಂದ ತಟ್ಟಿ ತೆಗೆದಾಗ ಮೇಲೆ ಒಂದು ಉಣ್ಣೆಯ ಟೊಪ್ಪಿಗೆ, ಎರಡು ಪದಕ, ಪ್ಲಾಸ್ಟಿಕ್ ಚೀಲದಲ್ಲಿ ಕಾಗದಗಳು. ಪುಸ್ತಕ ಸಿಕ್ಕಿತು. ಅದರ ಕೆಳಗೆ, ನಾಲ್ಕು ಮಡಿಕೆಯಾಗಿ, ಹಲವು ಪುಟಗಳ ಇನ್ನೊಂದು ಕಾಗದವೂ ಸಿಕ್ಕಿತು. ಸೈನ್ಯದಿಂದ ಹೊರಬೀಳುವ ಮುಂಚೆ ವೈದ್ಯರ ಮಂಡಳಿ ಕೂತು ಪರೀಕ್ಷಿಸಿ ಬರೆಯುವ ವರದಿ ಅದು. ‘ರಿಲೀಸ್ ಮೆಡಿಕಲ್ ಬೋರ್ಡ್’ ಎನ್ನುತ್ತಾರೆ.

ನರ್ಸಿಂಗಿನ ಮೊದಲ ವರ್ಷದ ಹುಡುಗಿಗೆ ಅಷ್ಟೋ ಇಷ್ಟೋ ಓದಲು ಬಂತು. ಕಿವಿಯ ನರಕ್ಕೆ ಸಂಬಂಧಿಸಿದ ಶ್ರವಣದೋಷ: 15ರಿಂದ 19 ಪರ್ಸೆಂಟ್. ಸೊಂಟದ ಬೆನ್ನೆಲುಬಿನ ಸವೆತ: 20 ಪರ್ಸೆಂಟ್. ಎರಡೂ ಸೇರಿ: 30 ಪರ್ಸೆಂಟ್, ಜೀವನಪರ್ಯಂತ. ಹದಿನೇಳು ವರ್ಷ ಮನೆಯವರೆಲ್ಲ ನಕ್ಕ ಕಿವಿಗೆ ಒಂದು ಸರ್ಕಾರಿ ಅಂಕಿ ಇತ್ತು. ಅವಳು ತುಸು ಹೊತ್ತು ಟ್ರಂಕಿನ ಪಕ್ಕದಲ್ಲೇ ಕೂತಳು. ಆಮೇಲೆ ಕಾಗದವನ್ನು ಹಿಡಿದು ಹೊರಗೆ ಬಂದಳು.

“ಅದೆಲ್ಲಾ ಹಳೇ ಕಾಗದ. ಕಟ್ಟಿ ಇಡು” ಎಂದರು ತಂದೆ.

ಅವಳು ಕಟ್ಟಿ ಇಡಲಿಲ್ಲ. ಅರ್ಜಿಗೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಸಹಿ ಬೇಕಾಗಿದ್ದರಿಂದ ಇಬ್ಬರೂ ಬೆಳಗಾವಿಗೆ ಹೋಗಬೇಕಾಗಿಯೇ ಇತ್ತು. ಆ ಕಾಗದವೂ ಅವಳ ಚೀಲದಲ್ಲಿ ಹೋಯಿತು.

ಕಚೇರಿಯಲ್ಲಿ ವಯಸ್ಸಾದ ನಿವೃತ್ತ ಸುಬೇದಾರರೊಬ್ಬರು ಮೇಜಿನ ಹಿಂದೆ ಇದ್ದರು. ವಿದ್ಯಾರ್ಥಿವೇತನದ ಕಾಗದ ನೋಡಿ ಮುಗಿಸಿದ ಮೇಲೆ ಹುಡುಗಿ ಮೆಲ್ಲಗೆ ವರದಿಯನ್ನು ಮುಂದಿಟ್ಟಳು. ಅವರು ಕನ್ನಡಕ ಮೇಲೇರಿಸಿ ಮೊದಲ ಪುಟಗಳನ್ನು ಓದದೆ ನೇರವಾಗಿ ಕೊನೆಯ ಪುಟಗಳ ಒಂದು ಕಾಲಮ್ಮಿಗೆ ಬೆರಳಿಟ್ಟರು.

“ಪರ್ಸೆಂಟೇಜ್ ಆಮ್ಯಾಲ ನೋಡೂಣು, ತಂಗಿ. ಮೊದಲು ನೋಡಬೇಕಾದ್ದು ಇದು.”

ಅಲ್ಲಿ, ಬೆನ್ನಿನ ಎದುರಿಗೆ, ಇಂಗ್ಲಿಷಿನ ನಾಲ್ಕು ಅಕ್ಷರಗಳಿದ್ದವು. ಓದಿದರೆ ‘ನಾನಾ’. ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ ಎಂಬುದರ ಸಂಕ್ಷೇಪ. ಕನ್ನಡದಲ್ಲಿ ನಾನಾ ಎಂದರೆ ಹಲವು. ಸೈನ್ಯದ ಆ ಕಾಗದದಲ್ಲಿ ನಾನಾ ಎಂದರೆ ಏನೂ ಇಲ್ಲ.

ಸುಬೇದಾರರು ಬಿಡಿಸಿ ಹೇಳಿದ್ದು ಹೀಗೆ. ಅಂಗವೈಕಲ್ಯದ ಪಿಂಚಣಿಗೆ ಎರಡು ಬಾಗಿಲು ದಾಟಬೇಕು. ಒಂದು ಕಾರಣದ ಬಾಗಿಲು: ಗಾಯವಾಗಲಿ ರೋಗವಾಗಲಿ, ಸೇವೆಯಿಂದಲೇ ಬಂದಿರಬೇಕು, ಇಲ್ಲವೇ ಮೊದಲೇ ಇದ್ದದ್ದು ಸೇವೆಯಿಂದ ಹೆಚ್ಚಾಗಿರಬೇಕು. ಇನ್ನೊಂದು ಅಂಕಿಯ ಬಾಗಿಲು: ಅದು 20 ಪರ್ಸೆಂಟಿಗೆ ಕಡಿಮೆ ಇರಬಾರದು. ಹವಾಲ್ದಾರರ ಕಿವಿ ಮೊದಲ ಬಾಗಿಲು ದಾಟಿತ್ತು. ಫಿರಂಗಿಯವನ ಕಿವಿಗೆ ಫಿರಂಗಿಯೇ ಕಾರಣ ಎಂದು ಮಂಡಳಿ ಒಪ್ಪಿತ್ತು. ಆದರೆ ಅಂಕಿ 20 ಮುಟ್ಟಲಿಲ್ಲ. ಬೆನ್ನು 20 ಮುಟ್ಟಿತ್ತು, ಆದರೆ ಕಾರಣದ ಬಾಗಿಲಲ್ಲಿ ಸಿಕ್ಕಿಬಿತ್ತು. ಒಂದು ಅಲ್ಲಿ ನಿಂತಿತು, ಇನ್ನೊಂದು ಇಲ್ಲಿ ನಿಂತಿತು. ಮನುಷ್ಯ ಬರಿಗೈಯಲ್ಲಿ ಮನೆಗೆ ಬಂದ.

“15 ಮತ್ತ 20 ಕೂಡಿಸಿದ್ರ 35 ಆಗ್ಬೇಕಲ್ರಿ, 30 ಯಾಕ ಬರದಾರ?” ಎಂದು ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ಒಂದಕ್ಕಿಂತ ಹೆಚ್ಚು ಊನಗಳಿದ್ದಾಗ ಅವನ್ನು ಅಂಗಡಿಯ ಚೀಟಿಯಂತೆ ಕೂಡಿಸುವುದಿಲ್ಲ. ಕೂಡಿಸುತ್ತ ಹೋದರೆ ಕೆಲವರ ಮೊತ್ತ ನೂರನ್ನು ದಾಟಿಬಿಡುತ್ತದೆ, ನೂರು ದಾಟಿದ ಮನುಷ್ಯನಿಲ್ಲ. ಆದ್ದರಿಂದ ಒಟ್ಟು ದೇಹಕ್ಕೆ ಎಷ್ಟು ಕುಂದು ಎಂದು ಬೇರೆಯಾಗಿ ಅಂದಾಜು ಮಾಡುತ್ತಾರೆ.

ಇನ್ನು ಈ ಅಂಕಿಯಿಂದ ರೂಪಾಯಿ ಹೇಗೆ ಹುಟ್ಟುತ್ತದೆ? ನೂರಕ್ಕೆ ನೂರು ಅಂಗವೈಕಲ್ಯ ಇದ್ದವರಿಗೆ ಕೊನೆಯ ಸಂಬಳದ 30 ಪರ್ಸೆಂಟನ್ನು ಸಾಮಾನ್ಯ ಪಿಂಚಣಿಯ ಜೊತೆಗೆ ಕೊಡುತ್ತಾರೆ, ಕಡಿಮೆ ಇದ್ದವರಿಗೆ ಅದೇ ಪ್ರಮಾಣದಲ್ಲಿ ಕಡಿಮೆ. ಲೆಕ್ಕಕ್ಕೆಂದು ಕೊನೆಯ ಸಂಬಳ 40,000 ಎಂದಿಟ್ಟುಕೊಂಡರೆ, ನೂರಕ್ಕೆ 12,000, ಐವತ್ತಕ್ಕೆ 6,000, ಮೂವತ್ತಕ್ಕೆ 3,600. ಇದರಲ್ಲೊಂದು ಒಳ್ಳೆಯ ಏರ್ಪಾಡೂ ಇದೆ. ವೈದ್ಯರ ಅಂದಾಜಿನಲ್ಲಿ ಐದು ಹತ್ತು ಅತ್ತಿತ್ತ ಆಗುವುದು ಸಹಜವೆಂದು, 1996ರ ಜನವರಿ 1ರಿಂದ ಜಾರಿಗೆ ಬರುವಂತೆ, 50ಕ್ಕಿಂತ ಕಡಿಮೆ ಇದ್ದದ್ದನ್ನು 50 ಎಂದೂ, 50ರಿಂದ 75ರವರೆಗಿನದನ್ನು 75 ಎಂದೂ, ಅದಕ್ಕೂ ಮೇಲಿನದನ್ನು 100 ಎಂದೂ ಹಿಡಿಯುವ ಕ್ರಮ ಬಂತು. ಮೊದಲು ಇದು ಅನಾರೋಗ್ಯದಿಂದಲೇ ಸೈನ್ಯ ಬಿಡಬೇಕಾಗಿ ಬಂದವರಿಗೆ ಮಾತ್ರ ಇತ್ತು. ಅವಧಿ ಮುಗಿಸಿ ನಿವೃತ್ತರಾದವರಿಗೂ ಅದು ಸಲ್ಲಬೇಕೆಂದು 2014ರ ಡಿಸೆಂಬರಿನಲ್ಲಿ, ರಾಮ್ ಅವತಾರ್ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಹೇಳಿತು. ಶತ್ರುವಿನ ಗುಂಡಿಗೆ ಸಿಕ್ಕವರ ಲೆಕ್ಕ ಬೇರೆಯೇ. ಯುದ್ಧಗಾಯದಿಂದ ಸೇವೆ ಬಿಡಬೇಕಾಗಿ ಬಂದು, ಊನ ನೂರಕ್ಕೆ ನೂರಾದರೆ, ಕೊನೆಯ ಸಂಬಳದಷ್ಟೇ ಮೊತ್ತ. ಸದಾ ಒಬ್ಬರ ಆಸರೆ ಬೇಕಾದವರಿಗೆ ಅದಕ್ಕೆಂದೇ ಭತ್ಯೆಯೂ ಇದೆ.

“ಅಂದರ ಅಪ್ಪಗ 30 ಅಲ್ಲ, 50 ಆಗ್ತಿತ್ತು” ಎಂದಳು ಹುಡುಗಿ.

“ಬೆನ್ನು ಮೊದಲ ಬಾಗಿಲು ದಾಟಿದ್ದರ” ಎಂದರು ಸುಬೇದಾರರು.

ತಂದೆ ಇದನ್ನೆಲ್ಲ ಕೇಳಿದರೋ ಇಲ್ಲವೋ ತಿಳಿಯಲಿಲ್ಲ. ಗೋಡೆಯ ಮೇಲಿನ ಕ್ಯಾಲೆಂಡರು ನೋಡುತ್ತಿದ್ದರು. ಸುಬೇದಾರರು ಅವರ ಕಡೆ ತಿರುಗಿ, ಕವಾಯತು ಮೈದಾನದ ಗಂಟಲಿನಲ್ಲಿ ಕೇಳಿದರು: “ಹವಾಲ್ದಾರ್ ಸಾಹೇಬ್ರ, ಬೆನ್ನಿಗೆ ಏನಾಗಿತ್ತು?”

“ಏನಿಲ್ರಿ ಸಾಬ್, ಬಿದ್ದಿದ್ದೆ.”

ಅಂದು ಅಷ್ಟೇ. ಉಳಿದದ್ದು ಸವದತ್ತಿಯ ಬಸ್ಸಿನಲ್ಲಿ, ಕಿಟಕಿಯ ಪಕ್ಕದಲ್ಲಿ, ಯರಗಟ್ಟಿ ದಾಟಿದ ಮೇಲೆ ಬಂತು. ಕಿವಿ ಕೇಳದವರು ತಾವು ಮೆಲ್ಲಗೆ ಮಾತಾಡುತ್ತಿದ್ದೇವೆ ಎಂದುಕೊಂಡು ಜೋರಾಗಿ ಮಾತಾಡುತ್ತಾರೆ. ಅರ್ಧ ಬಸ್ಸು ಆ ಕಥೆ ಕೇಳಿತು.

2003ರ ಚಳಿಗಾಲ, ಕಾಶ್ಮೀರದ ಮೇಲಿನ ಠಾಣೆ. ಫಿರಂಗಿಯ ಒಂದು ಗುಂಡು ನಲವತ್ತು ಕಿಲೋಗೂ ಮೇಲೆ. ಹಿಮದಲ್ಲಿ ಅದನ್ನು ಹೊತ್ತು ಏರುವಾಗ ಕಾಲು ಜಾರಿತು. ಗುಂಡನ್ನು ಬಿಡಲಿಲ್ಲ, ಅದರ ಸಮೇತ ಕೂತಂತೆಯೇ ಬಿದ್ದರು. ಪ್ರಥಮ ಚಿಕಿತ್ಸೆಯ ಹುಡುಗ ಮಾತ್ರೆ ಕೊಟ್ಟ, ಸೊಂಟಕ್ಕೆ ಪಟ್ಟಿ ಬಿಗಿದ. ಆಸ್ಪತ್ರೆಗೆ ಕಳಿಸುತ್ತೇನೆ, ಬರೆಯುತ್ತೇನೆ ಎಂದ. ಇವರೇ ಬೇಡವೆಂದರು. ಆಗ ಅವರು ನಾಯಕ್. ಹವಾಲ್ದಾರ್ ಹುದ್ದೆ ಕಣ್ಣೆದುರಿಗಿತ್ತು. ಸೈನಿಕನ ಆರೋಗ್ಯವನ್ನು ‘ಶೇಪ್’ ಎಂಬ ಐದು ಇಂಗ್ಲಿಷ್ ಅಕ್ಷರಗಳಲ್ಲಿ ಅಳೆಯುತ್ತಾರೆ: ಮನಸ್ಸು, ಕಿವಿ, ಕೈಕಾಲು, ದೇಹಶಕ್ತಿ, ಕಣ್ಣು. ಯಾವುದರಲ್ಲಿ ಒಂದು ಮೆಟ್ಟಿಲು ಇಳಿದರೂ ‘ಲೋ ಮೆಡಿಕಲ್’ ಎಂದು ಬೀಳುತ್ತದೆ, ಬಡ್ತಿಗೆ ಕಲ್ಲು ಬೀಳುತ್ತದೆ. ಮನೆಯಲ್ಲಿ ಇಬ್ಬರು ಮಕ್ಕಳು, ತಲೆಯ ಮೇಲೆ ತಂಗಿಯ ಮದುವೆಯ ಸಾಲ. ಮೂರು ದಿನ ಮಲಗಿ ನಾಲ್ಕನೆಯ ದಿನ ಎದ್ದರು. ಬಡ್ತಿ ಬಂತು. ಬಿದ್ದದ್ದಕ್ಕೆ ಕಾಗದ ಬರಲಿಲ್ಲ.

ಹೀಗಾಗಿ 2007ರಲ್ಲಿ ಮಂಡಳಿಯ ಎದುರು ನಿಂತಾಗ ಬೆನ್ನು ನೋಯುತ್ತಿತ್ತು, ಕಡತ ಸುಮ್ಮನಿತ್ತು. ಶರೀರದ ಪ್ರಕೃತಿಯಿಂದ ಬಂದದ್ದು, ಸೇವೆಗೆ ಸಂಬಂಧವಿಲ್ಲ ಎಂದು ಒಂದೇ ಸಾಲು ಬರೆದರು. ಆಮೇಲೆ ಬಂದ ತಿರಸ್ಕಾರದ ಪತ್ರದಲ್ಲಿ ಆರು ತಿಂಗಳೊಳಗೆ ಮೇಲ್ಮನವಿ ಹಾಕಬಹುದು ಎಂದಿತ್ತು.

“ಮತ್ತ ಯಾಕ ಹಾಕ್ಲಿಲ್ಲ?”

ತಂದೆ ತುಸು ಹೊತ್ತು ಹೊರಗೆ ನೋಡಿದರು. ಆಸ್ಪತ್ರೆಯಲ್ಲಿ ಮಂಡಳಿಗಾಗಿ ಕಾಯುತ್ತಿದ್ದಾಗ ಪಕ್ಕದ ಮಂಚದ ಮೇಲೆ ಒಬ್ಬ ಹುಡುಗನಿದ್ದನಂತೆ. ಇಪ್ಪತ್ತೆರಡೋ ಇಪ್ಪತ್ತಮೂರೋ. ನೆಲಬಾಂಬು ತುಳಿದು ಮೊಣಕಾಲಿನ ಕೆಳಗೆ ಏನೂ ಉಳಿದಿರಲಿಲ್ಲ. ಪುಣೆಯ ಕೃತಕ ಅಂಗ ಕೇಂದ್ರಕ್ಕೆ ಹೋಗುವ ದಿನ ಎಣಿಸುತ್ತಿದ್ದ. ಬೆಳಿಗ್ಗೆ ಇವರಿಗೆ ಅವನೇ ಚಹಾ ತರಿಸಿ ಕೊಡುತ್ತಿದ್ದ.

“ಅವಂಗ ಅಂಗವಿಕಲ ಅಂತಾರ. ನನಗೂ ಅದ ಮಾತು ಅಂದ್ರ ನಾಚಿಕಿ ಬರ್ತದವ್ವಾ. ಅವರ ಪಾಲಿಂದು ನಾ ಯಾಕ ತಗೋಬೇಕು?”

ಹುಡುಗಿಗೆ ಉತ್ತರ ಹೊಳೆಯಲಿಲ್ಲ. ನಿಜ ಹೇಳಬೇಕೆಂದರೆ ಆ ಮಾತು ಸುಲಭವಾಗಿ ತೆಗೆದುಹಾಕುವಂಥದಲ್ಲ. ಇಲ್ಲದ ನೋವನ್ನು ಬರೆಸಿಕೊಂಡು ಪಿಂಚಣಿ ಹೆಚ್ಚಿಸಿಕೊಳ್ಳುವವರಿದ್ದಾರೆ ಎಂಬ ಮಾತು ಸೈನ್ಯದ ಒಳಗೂ ಹೊರಗೂ ಇದೆ. 2023ರ ಸೆಪ್ಟೆಂಬರ್ 21ರಿಂದ ಜಾರಿಗೆ ಬಂದ ಹೊಸ ನಿಯಮಗಳು ಅಂದಿನಿಂದ ಸೇವೆ ಬಿಡುವವರಿಗೆ ಕಟ್ಟುನಿಟ್ಟನ್ನು ಹೆಚ್ಚಿಸಿವೆ. ಊನವಿದ್ದೂ ಅವಧಿ ಮುಗಿಸಿ ನಿವೃತ್ತರಾಗುವವರಿಗೆ ಕೊಡುವುದನ್ನು ಈಗ ಪಿಂಚಣಿಯ ಭಾಗ ಎನ್ನದೆ ‘ಇಂಪೇರ್‌ಮೆಂಟ್ ರಿಲೀಫ್’ ಎಂಬ ಹೊಸ ಹೆಸರಿನಿಂದ ಕರೆಯುತ್ತಾರೆ. ನಿಜವಾದ ಗಾಯಾಳುಗಳ ಹಿತಕ್ಕಾಗಿ ಎಂದು ಒಂದು ಪಕ್ಷ, ಪ್ರಾಮಾಣಿಕರಿಗೂ ಬಾಗಿಲು ಕಿರಿದಾಯಿತು ಎಂದು ಮಾಜಿ ಸೈನಿಕರ ಇನ್ನೊಂದು ಪಕ್ಷ. ಹವಾಲ್ದಾರರು ಇದಾವ ವಾದವನ್ನೂ ಓದಿದವರಲ್ಲ. ಅವರು ತಮ್ಮ ವಿರುದ್ಧ ತಾವೇ ತೀರ್ಪು ಕೊಟ್ಟುಕೊಂಡಿದ್ದರು.

ಉತ್ತರ ಕೊಟ್ಟವರು ಸುಬೇದಾರರೇ, ಮುಂದಿನ ಸಲ ಹೋದಾಗ. “ಸಾಹೇಬ್ರ, ಇದು ಒಂದ ಬುಟ್ಟಿ ರೊಟ್ಟಿ ಅಲ್ಲ, ನೀವು ತಗೊಂಡ್ರ ಅವಂಗ ಕಡಿಮಿ ಆಗಾಕ. ಅವನ ಕಾಲಿನ ಲೆಕ್ಕ ಅವಂದು, ನಿಮ್ಮ ಬೆನ್ನಿನ ಲೆಕ್ಕ ನಿಮ್ದು. ಬೇಡಿ ತರೂದಲ್ಲ ಇದು. ಇಸ್ಕೊಳ್ಳೂದು.” ಬೇಡುವುದಕ್ಕೂ ಇಸಿದುಕೊಳ್ಳುವುದಕ್ಕೂ ಇರುವ ವ್ಯತ್ಯಾಸ ಸಾಲ ಕೊಟ್ಟ ರೈತನಿಗೆ ಚೆನ್ನಾಗಿ ಗೊತ್ತಿರುತ್ತದೆ. ಆ ಮಾತು ತಾಕಿತು.

ಕಾನೂನು ಹೇಳುವುದೂ ಹೆಚ್ಚುಕಡಿಮೆ ಅದನ್ನೇ. 2007ರಲ್ಲಿ ನಿವೃತ್ತರಾದವರಿಗೆ ಅನ್ವಯಿಸುವುದು 1982ರ ನಿಯಮಗಳು. ಸೈನ್ಯಕ್ಕೆ ಸೇರುವಾಗ ಹುಡುಗನನ್ನು ಹಲ್ಲಿನಿಂದ ಹಿಮ್ಮಡಿಯವರೆಗೆ ಪರೀಕ್ಷಿಸಿ ತೆಗೆದುಕೊಳ್ಳುತ್ತಾರೆ. ಅಂದು ಯಾವ ರೋಗವನ್ನೂ ಬರೆಯದಿದ್ದರೆ ಅವನು ಗಟ್ಟಿಮುಟ್ಟಾಗಿಯೇ ಬಂದ ಎಂದು ಭಾವಿಸಬೇಕು. ಸೇವೆಯಿಂದಲೇ ಬಂತೆಂದು ರುಜುವಾತು ಮಾಡುವ ಹೊರೆ ಅವನದಲ್ಲ, ಸಂಶಯದ ಲಾಭ ಅವನದು. 2013ರ ಜುಲೈನಲ್ಲಿ ಧರ್ಮವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಆತನೂ 1985ರಲ್ಲೇ ಸೇರಿದ್ದ ಸಿಪಾಯಿ. ಒಂಬತ್ತು ವರ್ಷಗಳ ಸೇವೆಯ ನಂತರ ಮೂರ್ಛೆಯ ರೋಗವೆಂದು ಹೊರಗೆ ಕಳಿಸಿದಾಗ 20 ಪರ್ಸೆಂಟ್ ಬರೆದು, ಸೇವೆಗೆ ಸಂಬಂಧವಿಲ್ಲ ಎಂದಿದ್ದರು. ಏಕೆ ಸಂಬಂಧವಿಲ್ಲ ಎಂಬುದಕ್ಕೆ ಮಂಡಳಿ ಕಾರಣ ಕೊಡಬೇಕು, ಬರಿದೇ ಅಲ್ಲ ಎಂದರೆ ಸಾಲದು ಎಂದಿತು ನ್ಯಾಯಾಲಯ. ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಎಂಬುದು 2007ರ ಕಾಯ್ದೆಯಿಂದ ಹುಟ್ಟಿ 2009ರಿಂದ ಕೆಲಸ ಮಾಡುತ್ತಿದೆ, ಕರ್ನಾಟಕದ ಪ್ರಕರಣಗಳು ಅದರ ಕೊಚ್ಚಿಯ ಪೀಠಕ್ಕೆ ಹೋಗುತ್ತವೆ. ಇಷ್ಟು ತಡವಾಗಿ ಹೋದರೆ? ಪಿಂಚಣಿ ತಿಂಗಳು ತಿಂಗಳೂ ಬರಬೇಕಾದದ್ದು, ಆದ್ದರಿಂದ ತಡವಾಯಿತೆಂದು ಹಕ್ಕೇ ಹೋಗುವುದಿಲ್ಲ, ಆದರೆ ಹಿಂದಿನ ಬಾಕಿ ಅರ್ಜಿ ಹಾಕಿದ ದಿನದಿಂದ ಹಿಂದಿನ ಮೂರು ವರ್ಷಕ್ಕೆ ಸೀಮಿತ ಎಂದು 2008ರ ತರ್ಸೇಮ್ ಸಿಂಗ್ ತೀರ್ಪು ಹೇಳಿತ್ತು. ಹದಿನೇಳರಲ್ಲಿ ಹದಿನಾಲ್ಕು ವರ್ಷ ನಾಚಿಕೆಯ ಬಾಬತ್ತಿನಲ್ಲಿ ಹೋಯಿತು ಎಂದರೆ ತಪ್ಪಾಗದು.

ಇಷ್ಟು ಗೊತ್ತಾದ ಮೇಲೂ ಅವರು ಒಂದು ವಾರ ಸುಮ್ಮನಿದ್ದರು. ಊರಿನಲ್ಲಿ ‘ಅಂಗವಿಕಲ’ ಎಂದು ಹೆಸರಾದರೆ ಮಗಳಿಗೆ ವರ ಬರುವಾಗ ಏನಾದರೂ ಅಂದಾರು ಎಂದು ತಾಯಿಗೂ ಒಳಗೊಳಗೆ ಅಳುಕು. “ನಡು ಮುರಿದಿದ್ದು ಅವರ್ದು, ವರ ಬೇಕಾಗಿದ್ದು ನನಗ. ಎರಡಕ್ಕ ಏನು ಸಂಬಂಧ?” ಎಂದು ಮಗಳು ನಕ್ಕಳು. ಪಕ್ಕದ ಮನೆಯವರು ಬಸ್ ಪಾಸಿಗೆ ಅನುಕೂಲ ಎಂದು ಜಿಲ್ಲಾ ಆಸ್ಪತ್ರೆಯಿಂದ ಕಾರ್ಡು ಮಾಡಿಸಲು ಹೇಳಿದರು. ಅದು ಇನ್ನೊಂದು ಲೆಕ್ಕ. ನಾಗರಿಕರಿಗಾಗಿ ಇರುವ 2016ರ ಕಾಯ್ದೆಯಲ್ಲಿ ಹೆಚ್ಚಿನ ಸೌಲಭ್ಯಗಳಿಗೆ ಕನಿಷ್ಠ 40 ಪರ್ಸೆಂಟ್ ಬೇಕು, ಅಲ್ಲಿ ಕಾರಣವನ್ನು ಯಾರೂ ಕೇಳುವುದಿಲ್ಲ. ಸೈನ್ಯದಲ್ಲಿ 20 ಸಾಕು, ಆದರೆ ಕಾರಣವೇ ಮುಖ್ಯ. ಒಂದೇ ಮೈಗೆ ಎರಡು ಕಚೇರಿ, ಎರಡು ಅಳತೆ.

ಅಳತೆ ಕಾಗದದ್ದು ಮಾತ್ರ, ಮನುಷ್ಯನದಲ್ಲ ಎಂಬುದಕ್ಕೆ ಸೈನ್ಯದಲ್ಲೇ ಎಷ್ಟೋ ಸಾಕ್ಷಿಗಳಿವೆ. 1965ರ ಯುದ್ಧದಲ್ಲಿ ಗುಂಡೇಟು ತಿಂದ ಮುರಳಿಕಾಂತ ಪೇಟ್ಕರ್ 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಈಜಿ, ಪ್ಯಾರಾಲಿಂಪಿಕ್ಸಿನಲ್ಲಿ ಭಾರತಕ್ಕೆ ಮೊದಲ ಚಿನ್ನ ತಂದರು. 1971ರ ಯುದ್ಧದಲ್ಲಿ ಕಾಲು ಕಳೆದುಕೊಂಡ ಇಯಾನ್ ಕಾರ್ಡೋಜೋ ಮುಂದೆ ಕಾಲಾಳು ಪಡೆಯ ಬೆಟಾಲಿಯನ್ನನ್ನೇ ನಡೆಸಿ, ಮೇಜರ್ ಜನರಲ್ ಆದರು. ಈ ಕಥೆಗಳನ್ನು ಮಗಳು ಹೇಳಿದಾಗ ತಂದೆ, “ಅವರು ದೊಡ್ಡವರು ಬಿಡು” ಎಂದರು. ಆದರೆ ಆ ರಾತ್ರಿ ಒಂದು ನೋಟುಪುಸ್ತಕ ಕೇಳಿ ಇಸಿದುಕೊಂಡರು.

ಎರಡು ಪುಟ ಬರೆದರು. ಕನ್ನಡದಲ್ಲಿ, ದುಂಡು ಅಕ್ಷರದಲ್ಲಿ. ಎಲ್ಲಿ ಬಿದ್ದೆ, ಯಾವ ತಿಂಗಳು, ಹೆಗಲ ಮೇಲೆ ಏನಿತ್ತು, ಪಟ್ಟಿ ಬಿಗಿದವನು ಯಾರು, ತಾನೇ ಬೇಡವೆಂದದ್ದು ಏಕೆ. ಕೊನೆಯದನ್ನು ಬಿಟ್ಟುಬಿಡಿ ಎಂದು ಯಾರೋ ಸಲಹೆ ಕೊಟ್ಟರು. ಅವರು ಬಿಡಲಿಲ್ಲ. “ಖರೇ ಬರೀಬೇಕು, ಇಲ್ಲಂದ್ರ ಬರಿಯೂದ ಬ್ಯಾಡ.” ಪಟ್ಟಿ ಬಿಗಿದ ಹುಡುಗ ಈಗ ಹರಿಯಾಣದಲ್ಲಿ ತಾತನಾಗಿದ್ದ. ಹಳೆಯ ರೆಜಿಮೆಂಟಿನವರ ಮೂಲಕ ಫೋನ್ ನಂಬರು ಸಿಕ್ಕಿತು. ಇಪ್ಪತ್ತು ವರ್ಷದ ಮೇಲೆ ಇಬ್ಬರೂ ಮಾತಾಡಿದರು. ಇವರಿಗೆ ಅರ್ಧ ಕೇಳಲಿಲ್ಲ, ಮಗಳು ನಡುವೆ ಕೂತು ಹಿಂದಿಯನ್ನು ಜೋರಾಗಿ ತಿರುಗಿ ಹೇಳಿದಳು. ಅವನಿಗೆ ಎಲ್ಲ ನೆನಪಿತ್ತು. ಬರೆದುಕೊಡಲು ಒಪ್ಪಿದ. ವಕೀಲರು ಅರ್ಜಿ ಸಿದ್ಧಪಡಿಸಿದರು. ಅದು ಕೊಚ್ಚಿಯ ಪೀಠದ ಮುಂದೆ ಹೋಗಿದೆ. ಸಿಕ್ಕೇ ಸಿಗುತ್ತದೆ ಎಂದು ಯಾರೂ ಭರವಸೆ ಕೊಟ್ಟಿಲ್ಲ.

ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಮಗಳು ಆರನೆಯ ವರ್ಗವನ್ನೇ ತುಂಬಿದಳು. ತೀರ್ಪು ಬರುವ ತನಕ ಕಾಗದದ ಪ್ರಕಾರ ಅದೇ ನಿಜ. ಖರೇ ಬರೆಯುವುದು ಆ ಮನೆಯ ಪದ್ಧತಿಯಾಯಿತು.

ಓಣಿಯಲ್ಲಿ ಒಬ್ಬ ಹುಡುಗ ಅಗ್ನಿವೀರನಾಗಲು ಬೆಳಗಿನ ಐದಕ್ಕೆ ಓಡುತ್ತಾನೆ. 2022ರಲ್ಲಿ ಬಂದ ಆ ಯೋಜನೆಯಲ್ಲಿ ನಾಲ್ಕು ವರ್ಷದ ಸೇವೆಗೆ ಪಿಂಚಣಿ ಇಲ್ಲ. ಸೇವೆಯಿಂದ ಅಂಗವೈಕಲ್ಯ ಬಂದರೆ 50, 75, 100 ಎಂಬ ಮೂರು ಮೆಟ್ಟಿಲಿಗೆ ಕ್ರಮವಾಗಿ 15, 25, 44 ಲಕ್ಷ ರೂಪಾಯಿಯ ಇಡಿಗಂಟನ್ನು ಗೊತ್ತುಮಾಡಿದ್ದಾರೆ. ಅಲ್ಲೂ ಮೊದಲ ಬಾಗಿಲು ಕಾರಣದ್ದೇ. ಹವಾಲ್ದಾರರು ಅವನನ್ನು ಕಟ್ಟೆಗೆ ಕರೆದು ಕೂರಿಸಿಕೊಂಡು, ಓಟದ ಬಗ್ಗೆ ಏನೂ ಹೇಳದೆ ಒಂದೇ ಮಾತು ಹೇಳಿದರು: “ಬಿದ್ರ ಅವತ್ತ ಬರಸು. ಗಂಡಸ್ತನ ತೋರ್ಸಾಕ ಹೋಗಬ್ಯಾಡ. ಅದರ ನಕಲು ಮನ್ಯಾಗ ಇಡು, ಮನಿಯವರಿಗೆ ತೋರ್ಸಿ ಇಡು.” ಹುಡುಗನ ತಾಯಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಓಣಿಗೆಲ್ಲ ಕೇಳಿಸಿತ್ತು.

ಮಾಜಿ ಸೈನಿಕರಿಗಾಗಿ 2003ರಲ್ಲಿ ಆರಂಭವಾದ ಆರೋಗ್ಯ ಯೋಜನೆಯ ಚಿಕಿತ್ಸಾಲಯದಲ್ಲಿ ಕಿವಿಯ ಯಂತ್ರ ಸಿಗುತ್ತದೆ. ಅದನ್ನೂ ಅವರು ಇಷ್ಟು ವರ್ಷ ಬೇಡವೆಂದೇ ಇದ್ದರು. ಅರ್ಜಿಗೆ ಸಹಿ ಹಾಕಿದ ಮೇಲೆ, ಅಡಗಿಸಿಡುವುದು ಇನ್ನೇನೂ ಉಳಿದಿಲ್ಲ ಎಂಬಂತೆ, ತಾವೇ ಹೋಗಿ ತಂದರು. ಟಿ.ವಿ.ಯ ಸದ್ದು ಇಳಿಯಿತು. ಓಣಿಯವರಿಗೆ ವಾರ್ತೆ ತಪ್ಪಿತು.

ಮೊದಲ ಪರೀಕ್ಷೆಯ ಫಲಿತಾಂಶ ಬಂದ ದಿನ ಮಗಳು ಹುಬ್ಬಳ್ಳಿಯಿಂದ ಬಂದು, ಚೀಲ ಇಳಿಸುವ ಮುಂಚೆಯೇ ಅಡುಗೆಮನೆಯಲ್ಲಿ ತಾಯಿಯ ಕಿವಿಯಲ್ಲಿ ಮೆಲ್ಲಗೆ ಅಂಕ ಹೇಳಿದಳು. ಹೊರಗಿನ ಕುರ್ಚಿಯಿಂದ ದನಿ ಬಂತು:

“ಎಪ್ಪತ್ತೊಂಬತ್ತಾ? ಉಳಿದ ಇಪ್ಪತ್ತೊಂದು ಎಲ್ಲಿ ಹೋತು?”

ಮಗಳು ಬೆಚ್ಚಿ ತಿರುಗಿ ನೋಡಿದಳು. ಆಮೇಲೆ ನಕ್ಕು ಹೇಳಿದಳು: “ಕಾರಣದ ಕಾಲಮ್ಮಿನ್ಯಾಗ ಬರೀತೀನಿ, ಯಪ್ಪಾ.”